ಎರವಲು ಹತಾರಗಳ ಕಸುಬು

ಕಮ್ಮಾರನ ಸುತ್ತಿಗೆಗೆ, ಬಡಗಿಯ ಉಳಿಗೆ, ಕುಂಬಾರನ ತಿಗರಿಗೆ ಸಾವಿರಾರು ವರ್ಷಗಳ ವಂಶಾವಳಿ ಇದೆ. ತಂದೆ ಬಳಸಿದ ಹತಾರ ಮಗನ ಕೈಗೆ ಬರುವುದು ಅಲ್ಲಿನ ರೂಢಿ. ಆದರೆ ನಮ್ಮ ಕಣ್ಣೆದುರೇ ಹುಟ್ಟಿದ ಹೊಸ ಕಸುಬುಗಳ ಗತಿಯೇನು? ಅವಕ್ಕೆ ಬೇಕಾದ ಸಲಕರಣೆಗಳನ್ನು ಮಾಡಿಕೊಡುವವರು ಯಾರು? ಕಾರಿನ ಗಾಜಿಗೆ ಬಿಸಿಲು ತಡೆಯುವ ಫಿಲ್ಮ್ ಅಂಟಿಸುವ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. ಸನ್ ಫಿಲ್ಮ್ ಎಂದೋ ಕೂಲಿಂಗ್ ಪೇಪರ್ ಎಂದೋ ನಾವು ಕರೆಯುವ ಈ ಹಾಳೆಯನ್ನು ಅಂಟಿಸುವವನ ಪೆಟ್ಟಿಗೆ ತೆರೆದರೆ ಅಲ್ಲಿ ಅವನದೇ ಎನ್ನುವ ವಸ್ತು ಕಾಣುವುದು ಅಪರೂಪ. ಎಲ್ಲವೂ ಬೇರೆಯವರಿಂದ ಎರವಲು ತಂದದ್ದು, ಇಲ್ಲವೇ ಮನೆಯಲ್ಲೇ ಮಾಡಿಕೊಂಡದ್ದು.

ಫಿಲ್ಮ್ ಕೂಡ ಎರವಲೇ. ಅದರ ಮೂಲ ವಸ್ತುವಾದ ಪಾಲಿಯೆಸ್ಟರನ್ನು 1941ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞರಾದ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದದ್ದು ಬಟ್ಟೆಯ ನೂಲಿಗಾಗಿ. 1950ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಅದನ್ನು ತೆಳುವಾದ ಹಾಳೆಯಾಗಿಸಿ ‘ಮೈಲಾರ್’ ಎಂಬ ಹೆಸರಿನಲ್ಲಿ ಮಾರಿತು. 1966ರಲ್ಲಿ ಅಲ್ಲಿನದೇ 3ಎಂ ಕಂಪನಿ ಗಾಜಿಗೆ ಅಂಟಿಸಿ ಬಿಸಿಲು ತಡೆಯುವ ಫಿಲ್ಮಿಗೆ ಪೇಟೆಂಟ್ ಪಡೆಯಿತು. ಭಾರತದಲ್ಲಿ ಔರಂಗಾಬಾದಿನ ಗರ್ವಾರೆ ಕಂಪನಿ ಇಂತಹ ಫಿಲ್ಮ್ ತಯಾರಿಸಿ ಹೆಸರಾಯಿತು. ಅಗ್ಗದ ಫಿಲ್ಮಿನ ಬಣ್ಣ ಬಿಸಿಲಿಗೆ ಕೆಟ್ಟು ನೇರಳೆಗೆ ತಿರುಗುತ್ತಿದ್ದುದನ್ನು ಹಳೆಯ ಕಾರುಗಳಲ್ಲಿ ಕಂಡವರು ಬಹಳ.

ಫಿಲ್ಮ್ ಅಂಟಿಸುವುದು ನೋಡಲು ಸುಲಭ, ಮಾಡಲು ಕಷ್ಟ. ಒಣ ಗಾಜಿಗೆ ಅಂಟಿನ ಹಾಳೆ ತಾಗಿದರೆ ತಾಗಿದ ಕಡೆಯೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಗಾಜಿಗೂ ಹಾಳೆಗೂ ಶಾಂಪೂ ಬೆರೆಸಿದ ನೀರು ಚಿಮುಕಿಸಬೇಕು. ಹಾಳೆ ಜಾರುತ್ತಾ ತನ್ನ ಜಾಗಕ್ಕೆ ಬಂದ ಮೇಲೆ ಆ ನೀರನ್ನೆಲ್ಲ ಒತ್ತಿ ಹೊರದೂಡಬೇಕು. ನಡುವೆ ಒಂದು ಧೂಳಿನ ಕಣ ಸಿಕ್ಕಿದರೂ ಅದು ಗುಳ್ಳೆಯಾಗಿ ಕೊನೆಯವರೆಗೆ ಕಣ್ಣಿಗೆ ಕುಕ್ಕುತ್ತದೆ. ನೀರು, ಒತ್ತುಪಟ್ಟಿ, ಚಾಕು, ಬಿಸಿಗಾಳಿ - ಈ ನಾಲ್ಕರಲ್ಲೇ ಇಡೀ ಕಸುಬು ಅಡಗಿದೆ.

<b>ಕಿಟಕಿಯಿಂದ, ಕಾಗದದಿಂದ</b>

ನೀರು ಒತ್ತುವ ರಬ್ಬರ್ ಪಟ್ಟಿಯ ಹೆಸರು ಸ್ಕ್ವೀಜಿ. ಹಡಗಿನ ಅಟ್ಟದ ಮೇಲಿನ ನೀರು ಬಳಿಯಲು ನಾವಿಕರು ಬಳಸುತ್ತಿದ್ದ ಸಾಧನ ಇದರ ಹಿರಿಯಜ್ಜ. ಅಮೆರಿಕದಲ್ಲಿ ಕಿಟಕಿ ಒರೆಸುವವರ ಕೈಗೆ ಬಂದಾಗ ಅದು ಉಕ್ಕಿನ ಭಾರವಾದ ವಸ್ತುವಾಗಿತ್ತು. ರಬ್ಬರ್ ಬದಲಿಸಲು 12 ಸ್ಕ್ರೂ ಬಿಚ್ಚಬೇಕಿತ್ತು. ಇಟಲಿಯಿಂದ ವಲಸೆ ಬಂದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಕಿಟಕಿ ಒರೆಸುತ್ತಿದ್ದ ಎಟೋರೆ ಸ್ಟೆಕ್ಕೋನೆಗೆ ಇದು ಸಾಕಾಗಿ ಹೋಗಿ, ಒಂದೇ ರಬ್ಬರ್ ಪಟ್ಟಿಯ ಹಗುರ ಹಿತ್ತಾಳೆ ಸಾಧನವೊಂದನ್ನು ತಾನೇ ಮಾಡಿಕೊಂಡ. 1936ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಮೂರು ದಶಕಗಳ ನಂತರ ಹುಟ್ಟಲಿದ್ದ ಕಸುಬೊಂದಕ್ಕೆ ಹತಾರ ಹೀಗೆ ಮೊದಲೇ ಸಿದ್ಧವಾಗಿತ್ತು.

ಚಾಕುವಿನ ಕಥೆ ಇನ್ನೂ ಸ್ವಾರಸ್ಯಕರ. ಮೊಂಡಾದ ಅಲಗಿನಿಂದ ಫಿಲ್ಮ್ ಕತ್ತರಿಸಿದರೆ ಅಂಚು ಹರಿಯುತ್ತದೆ. ಜಪಾನಿನ ಒಸಾಕಾದಲ್ಲಿ ಕಾಗದ ಕತ್ತರಿಸುವ ಕೆಲಸ ಮಾಡುತ್ತಿದ್ದ ಯೋಶಿಯೋ ಒಕಾಡಾನನ್ನು ಕಾಡಿದ್ದೂ ಇದೇ ತೊಂದರೆ. ಚಮ್ಮಾರರು ಒಡೆದ ಗಾಜಿನ ಚೂರಿನಿಂದ ಕೆರೆಯುತ್ತಿದ್ದರು, ಮೊಂಡಾದರೆ ಮತ್ತೆ ಒಡೆದು ಹೊಸ ಅಂಚು ಪಡೆಯುತ್ತಿದ್ದರು. ಯುದ್ಧಾನಂತರ ಜಪಾನಿನಲ್ಲಿದ್ದ ಅಮೆರಿಕದ ಸೈನಿಕರ ಚಾಕೊಲೇಟಿಗೆ ತುಂಡು ತುಂಡಾಗಿ ಮುರಿಯಲು ಗೆರೆಗಳಿದ್ದವು. ಇವೆರಡನ್ನೂ ಕೂಡಿಸಿ ಒಕಾಡಾ 1956ರಲ್ಲಿ ಗೆರೆಗೆ ಸರಿಯಾಗಿ ಮುರಿಯುವ ಅಲಗಿನ ಚಾಕು ಮಾಡಿದ. ‘ಓಲ್ಫಾ’ ಎಂಬ ಹೆಸರಿನ ಅರ್ಥವೇ ‘ಮುರಿಯುವ ಅಲಗು’. ಇಂದು ಪುಸ್ತಕದಂಗಡಿಯಲ್ಲಿ ಮಕ್ಕಳು ಕೊಳ್ಳುವ ಕಟರ್ ಅದರದೇ ಸಂತಾನ.

ಕಾರಿನ ಹಿಂದಿನ ಗಾಜು ಎಲ್ಲಕ್ಕಿಂತ ಕಠಿಣ ಪರೀಕ್ಷೆ. ಅದು ಎರಡೂ ದಿಕ್ಕಿಗೆ ಬಾಗಿರುತ್ತದೆ. ಬಾಣಲೆಯ ಬೆನ್ನಿಗೆ ಕಾಗದ ಹೊದಿಸಿ ನೋಡಿ, ಅಂಚಿನಲ್ಲಿ ನೆರಿಗೆ ಬಿದ್ದೇ ಬೀಳುತ್ತದೆ. ಮೊದಮೊದಲು ಫಿಲ್ಮನ್ನು ಪಟ್ಟಿಗಳಾಗಿ ಕತ್ತರಿಸಿ ಅಂಟಿಸುತ್ತಿದ್ದರು. ಆಮೇಲೆ ಯಾರೋ ಕೂದಲು ಒಣಗಿಸುವ ಯಂತ್ರ ಹಿಡಿದು ನೋಡಿದರು. ಪಾಲಿಯೆಸ್ಟರ್ ಹಾಳೆಯನ್ನು ತಯಾರಿಸುವಾಗಲೇ ಎಳೆದು ಹಿಗ್ಗಿಸಿರುತ್ತಾರೆ. ಬಿಸಿ ತಾಗಿದರೆ ಅದು ಮತ್ತೆ ಕುಗ್ಗಿ ನೆರಿಗೆ ಮಾಯವಾಗುತ್ತದೆ. ಹಾಳೆ ಗಾಜಿನ ಮೇಲೆ ಸರಾಗವಾಗಿ ಜಾರಲು ಮಗುವಿನ ಪೌಡರ್ ಉದುರಿಸುವ ಉಪಾಯವೂ ಹೀಗೇ ಬಂದದ್ದು.

<b>ತಂಪು ಪಾನೀಯದ ಡ್ರಮ್ಮು</b>

ಇನ್ನು ನೀರು. ದಿನಕ್ಕೆ ನಾಲ್ಕಾರು ಕಾರು ಮಾಡುವವನಿಗೆ ಕೈಯಿಂದ ಒತ್ತುವ ಸ್ಪ್ರೇ ಬಾಟಲಿ ಸಾಲದು, ಬೆರಳು ಸೋಲುತ್ತದೆ. ಕೆಲವರು ಹೂದೋಟಕ್ಕೆ ಔಷಧ ಹೊಡೆಯುವ ಪಂಪಿನ ಡಬ್ಬಿ ಹಿಡಿದರು. ಅಮೆರಿಕದ ಕೆಲಸಗಾರರು ಮತ್ತೊಂದು ದಾರಿ ಕಂಡುಕೊಂಡರು. ಅಲ್ಲಿ ತಂಪು ಪಾನೀಯದ ಕಂಪನಿಗಳು ಹೋಟೆಲುಗಳಿಗೆ ಪಾಕವನ್ನು ಸುಮಾರು 19 ಲೀಟರಿನ ಸ್ಟೇನ್‌ಲೆಸ್ ಸ್ಟೀಲ್ ಡ್ರಮ್ಮಿನಲ್ಲಿ ಕಳುಹಿಸುತ್ತಿದ್ದವು. ಮುಂದೆ ರಟ್ಟಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲಗಳು ಬಂದಾಗ ಈ ಡ್ರಮ್ಮುಗಳು ಗುಜರಿ ಸೇರಿದವು. ಫಿಲ್ಮ್ ಅಂಟಿಸುವವರು ಅವನ್ನು ತಂದು ಶಾಂಪೂ ನೀರು ತುಂಬಿ, ಕಂಪ್ರೆಸರ್‌ನ ಗಾಳಿ ಕೊಟ್ಟು, ಉದ್ದನೆಯ ಕೊಳವೆ ಸಿಕ್ಕಿಸಿದರು. ಗುಂಡಿ ಒತ್ತಿದರೆ ಸಾಕು, ತುಂತುರು ಸಿದ್ಧ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆ ಡ್ರಮ್ಮು ಒತ್ತಡ ತಡೆಯಲೆಂದೇ ತಯಾರಾದದ್ದು, ಹೆಚ್ಚಿದ ಗಾಳಿಯನ್ನು ಹೊರಬಿಡುವ ವಾಲ್ವೂ ಅದಕ್ಕಿದೆ. ಅದನ್ನು ನೋಡಿ ಪಿವಿಸಿ ಕೊಳವೆಯಲ್ಲೇ ತೊಟ್ಟಿ ಮಾಡಿ ಗಾಳಿ ತುಂಬಿಸಹೋದರೆ ಅಪಾಯ ತಪ್ಪಿದ್ದಲ್ಲ. ನೀರಿನ ಕೊಳವೆ ಒಡೆದರೆ ನೀರು ಸೋರುತ್ತದೆ, ಅಷ್ಟೇ. ಒತ್ತಿ ತುಂಬಿದ ಗಾಳಿ ಹಾಗಲ್ಲ, ಕೊಳವೆಯನ್ನು ಸಿಡಿಸಿ ಚೂರುಗಳನ್ನು ದೂರಕ್ಕೆ ಎರಚುತ್ತದೆ. ಪಿವಿಸಿ ಕೊಳವೆ ಫಿಲ್ಮಿನ ಸುರುಳಿ ತೂಗುಹಾಕುವ ಸ್ಟ್ಯಾಂಡಿಗೆ ಒಳ್ಳೆಯದು. ಎರಡು ಮರದ ಕಂಬ, ನಡುವೆ ಕೊಳವೆ, ಕೆಳಗೆ ಒಂದು ಗಾಜಿನ ಹಲಗೆ - ಹಾಳೆ ನೆಲಕ್ಕೆ ತಾಗದೆ, ಧೂಳು ಹಿಡಿಯದೆ ಬಿಚ್ಚಿಕೊಳ್ಳುತ್ತದೆ. ಸಾವಿರಾರು ರೂಪಾಯಿ ಕೊಡುವ ಬದಲು ಒಂದು ಮಧ್ಯಾಹ್ನ ಖರ್ಚು ಮಾಡಿದರೆ ಸಾಕು.

ಇಲ್ಲಿಯೇ ವಿಷಯದ ತಿರುಳಿರುವುದು. ಅಂಗಡಿಯ ಬಂಡವಾಳ ಇಲ್ಲದವನೂ ಈ ಕಸುಬಿಗೆ ಕಾಲಿಡಲು ಸಾಧ್ಯವಾದದ್ದು ಹತಾರಗಳು ಅಗ್ಗವಾಗಿದ್ದರಿಂದ. ಇಂದು ಕಂಪ್ಯೂಟರ್ ಪ್ರತಿ ಕಾರಿನ ಗಾಜಿನ ಅಳತೆಯನ್ನು ನೆನಪಿಟ್ಟುಕೊಂಡು ಫಿಲ್ಮನ್ನು ತಾನೇ ಕತ್ತರಿಸುತ್ತದೆ. ಈ ಯಂತ್ರವೂ ಬೇರೆ ಕಸುಬಿನಿಂದಲೇ ಬಂದದ್ದು: 1983ರಲ್ಲಿ ಅಮೆರಿಕದ ಗರ್ಬರ್ ಕಂಪನಿ ನಾಮಫಲಕದ ಅಕ್ಷರ ಕತ್ತರಿಸಲು ಇಂತಹ ಯಂತ್ರ ತಂದಿತ್ತು. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ಪಾರಾಗಿ 1940ರಲ್ಲಿ ಅಮೆರಿಕ ಸೇರಿದ ಜೋಸೆಫ್ ಗರ್ಬರ್ ಅದರ ಸ್ಥಾಪಕ. ವಿದ್ಯಾರ್ಥಿಯಾಗಿದ್ದಾಗ ಆತ ತನ್ನ ಪೈಜಾಮದ ಇಲಾಸ್ಟಿಕ್ ಕಿತ್ತು ಹಿಗ್ಗುವ ಅಳತೆಪಟ್ಟಿ ಮಾಡಿಕೊಂಡಿದ್ದ. ಅದೇ ಆತನ ಮೊದಲ ಆವಿಷ್ಕಾರಕ್ಕೆ ಬುನಾದಿ. ದುಬಾರಿ ಯಂತ್ರದ ಬೇರು ಹುಡುಕಿದರೂ ಸಿಗುವುದು ಮನೆಯಲ್ಲಿ ಮಾಡಿಕೊಂಡ ಹತಾರವೇ.

<b>ಕಾನೂನಿನ ಬಿಸಿಲು</b>

ನಮ್ಮ ದೇಶದಲ್ಲಿ ಈ ಕಸುಬಿಗೆ ದೊಡ್ಡ ಪೆಟ್ಟು ಬಿದ್ದದ್ದು ಯಂತ್ರದಿಂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜು ಶೇ 70ರಷ್ಟು, ಪಕ್ಕದ ಗಾಜು ಶೇ 50ರಷ್ಟು ಬೆಳಕನ್ನು ಒಳಬಿಡಬೇಕು. ಕಪ್ಪು ಗಾಜಿನ ಮರೆಯಲ್ಲಿ ನಡೆಯುವ ಅಪರಾಧಗಳ ದೂರಿನ ಮೇಲೆ ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರಂದು ತೀರ್ಪಿತ್ತು, ಎಷ್ಟೇ ಬೆಳಕು ಬಿಡುವ ಫಿಲ್ಮ್ ಆದರೂ ಮೇ 4ರಿಂದ ವಾಹನಕ್ಕೆ ಅಂಟಿಸಕೂಡದು ಎಂದಿತು. ಅಂಟಿಸಿದ ಕೈಗಳೇ ಕೀಳಬೇಕಾಯಿತು. ಬ್ಲೇಡು ಹಾಕಿದರೆ ಹಿಂದಿನ ಗಾಜಿನ ಮಂಜು ಕರಗಿಸುವ ತಂತಿ ತುಂಡಾಗುತ್ತದೆ. ಹಾಗಾಗಿ ಬಿಸಿ ಹಬೆ ಕೊಟ್ಟು ನಿಧಾನವಾಗಿ ಸುಲಿಯುವುದೂ ಒಂದು ವಿದ್ಯೆಯೇ.

2021ರ ಏಪ್ರಿಲ್ 1ರಿಂದ ನಿಯಮ ತಿದ್ದುಪಡಿಯಾಗಿ, ಪ್ಲಾಸ್ಟಿಕ್ ಪದರವುಳ್ಳ ಸುರಕ್ಷಾ ಗಾಜಿಗೂ ಅವಕಾಶವಾಯಿತು. ನಿಗದಿತ ಪ್ರಮಾಣದ ಬೆಳಕು ಬಿಡುವ ಫಿಲ್ಮಿಗೆ ದಂಡ ಹಾಕುವಂತಿಲ್ಲ ಎಂದು ಕೇರಳ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಹೇಳಿತು.

ಕಾನೂನು ಬದಲಾಗಬಹುದು, ಯಂತ್ರ ಬರಬಹುದು. ಆದರೆ ಬಾಗಿದ ಗಾಜಿನ ಮೇಲೆ ಎಷ್ಟು ಬಿಸಿ, ಎಷ್ಟು ಒತ್ತು ಎಂಬುದು ಕೈಗೆ ಗೊತ್ತು. ಇಷ್ಟು ಕಸುಬುಗಳಿಂದ ಹತಾರ ಬೇಡಿ ತಂದ ಈ ಕಸುಬು ಯಾರಿಂದಲೂ ಎರವಲು ಪಡೆಯದೆ ತಾನೇ ಗಳಿಸಿದ್ದು ಆ ಕೈಯಳತೆಯೊಂದನ್ನೇ.