ಹಾಸನ ಜಿಲ್ಲೆಯ ಕ್ರೋಮೈಟ್: ಅದಿರು ಹಾಗೂ ಮಾತೃಶಿಲೆಯಲ್ಲಿನ ರಾಸಾಯನಿಕ ವ್ಯತ್ಯಾಸ

ಕ್ರೋಮೈಟ್ ಕ್ರೋಮಿಯಂ ಲೋಹದ ಏಕೈಕ ವಾಣಿಜ್ಯ ಅದಿರಾಗಿದೆ. ತುಕ್ಕು ಹಿಡಿಯದ ಉಕ್ಕು, ಫೆರೋಕ್ರೋಮ್ ಹಾಗೂ ಉಷ್ಣನಿರೋಧಕ ಇಟ್ಟಿಗೆಗಳ ತಯಾರಿಕೆಯಲ್ಲಿ ಇದನ್ನು ಬಳಸಲಾಗುತ್ತದೆ.

ದೊರೆಯುವ ಪ್ರದೇಶ
ಜಿಲ್ಲೆಯ ಮುಖ್ಯ ನಿಕ್ಷೇಪಗಳು ಚನ್ನರಾಯಪಟ್ಟಣ ಭಾಗದ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿವೆ. ಬೈರಾಪುರ, ಜಂಬೂರು, ತಗಡೂರು, ಭಕ್ತರಹಳ್ಳಿ ಇವುಗಳಲ್ಲಿ ಪ್ರಮುಖವಾದವು. ಬೈರಾಪುರದಲ್ಲಿ ಮೈಸೂರು ಮಿನರಲ್ಸ್ ಲಿಮಿಟೆಡ್ (ಈಗಿನ ಕರ್ನಾಟಕ ರಾಜ್ಯ ಖನಿಜ ನಿಗಮ) ಗಣಿಗಾರಿಕೆ ನಡೆಸಿತ್ತು. ಹೊಳೆನರಸೀಪುರ ಶಿಲಾಪಟ್ಟಿಯಲ್ಲಿಯೂ ಇದೇ ಬಗೆಯ ಪ್ರಾಚೀನ ಶಿಲೆಗಳಿವೆ. ಇವುಗಳ ವಯಸ್ಸು 300 ಕೋಟಿ ವರ್ಷಗಳಿಗೂ ಅಧಿಕ.

ರಾಸಾಯನಿಕ ಸಂಯೋಜನೆ
ಶುದ್ಧ ಕ್ರೋಮೈಟ್‌ನಲ್ಲಿ ಶೇ. 68ರಷ್ಟು ಕ್ರೋಮಿಯಂ ಆಕ್ಸೈಡ್, ಶೇ. 32ರಷ್ಟು ಕಬ್ಬಿಣದ ಆಕ್ಸೈಡ್ ಇರುತ್ತದೆ. ನಿಸರ್ಗದಲ್ಲಿ ಕಬ್ಬಿಣದ ಒಂದು ಭಾಗವನ್ನು ಮೆಗ್ನೀಸಿಯಂ, ಕ್ರೋಮಿಯಂನ ಒಂದು ಭಾಗವನ್ನು ಅಲ್ಯೂಮಿನಿಯಂ ಹಾಗೂ ಫೆರಿಕ್ ಕಬ್ಬಿಣ ಆಕ್ರಮಿಸುತ್ತವೆ. ಆದ್ದರಿಂದ ಒಂದೇ ಪಟ್ಟಿಯ ಮಾದರಿಗಳಲ್ಲಿಯೂ ಅಂಶಗಳು ಭಿನ್ನವಾಗಿರುತ್ತವೆ.

ವ್ಯತ್ಯಾಸಕ್ಕೆ ಕಾರಣ
ಕ್ರೋಮೈಟ್ ಒತ್ತಾಗಿ ಸೇರಿರುವ ಅದಿರಿನಲ್ಲಿ ಸಿಲಿಕೇಟ್ ಖನಿಜಗಳು ಕಡಿಮೆ ಇರುವುದರಿಂದ ಮೂಲ ಸಂಯೋಜನೆ ಬಹುಮಟ್ಟಿಗೆ ಉಳಿಯುತ್ತದೆ. ಮಾತೃಶಿಲೆಯಾದ ಸರ್ಪೆಂಟಿನೈಟ್‌ನಲ್ಲಿ ಚದುರಿರುವ ಕಣಗಳು ಶಿಲೆ ತಣಿಯುವಾಗ ಆಲಿವಿನ್‌ಗೆ ಮೆಗ್ನೀಸಿಯಂ ಕೊಟ್ಟು ಕಬ್ಬಿಣವನ್ನು ಪಡೆಯುತ್ತವೆ. ನಂತರದ ರೂಪಾಂತರದಲ್ಲಿ ಅವುಗಳ ಅಂಚು ಫೆರಿಟ್‌ಕ್ರೋಮೈಟ್ ಅಥವಾ ಮ್ಯಾಗ್ನೆಟೈಟ್ ಆಗಿ ಮಾರ್ಪಡುತ್ತದೆ. ಹೀಗಾಗಿ ಮಾತೃಶಿಲೆಯ ಕಣಗಳ ವಿಶ್ಲೇಷಣೆಯಿಂದ ಅದಿರಿನ ದರ್ಜೆಯನ್ನು ನಿರ್ಧರಿಸಲಾಗದು. ಲೋಹೋದ್ಯಮದಲ್ಲಿ ಕ್ರೋಮಿಯಂ ಆಕ್ಸೈಡ್‌ನ ಪ್ರಮಾಣದಷ್ಟೇ ಕ್ರೋಮಿಯಂ–ಕಬ್ಬಿಣದ ಅನುಪಾತವೂ ಮುಖ್ಯ.

ಗುರುತಿಸುವಿಕೆ
ನುಗ್ಗೇಹಳ್ಳಿ ಪಟ್ಟಿಯಲ್ಲಿ ಟೈಟಾನಿಯಂಯುಕ್ತ ಮ್ಯಾಗ್ನೆಟೈಟ್ ಸಹ ದೊರೆಯುತ್ತದೆ. ಎರಡೂ ಕಪ್ಪಾದ, ಭಾರವಾದ ಕಲ್ಲುಗಳು. ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದಾಗ ಕ್ರೋಮೈಟ್ ಕಂದು ಗೆರೆಯನ್ನೂ ಮ್ಯಾಗ್ನೆಟೈಟ್ ಕಪ್ಪು ಗೆರೆಯನ್ನೂ ಬಿಡುತ್ತದೆ. ಮ್ಯಾಗ್ನೆಟೈಟ್ ಅಯಸ್ಕಾಂತಕ್ಕೆ ಬಲವಾಗಿ ಅಂಟುತ್ತದೆ. ಇದು ಪ್ರಾಥಮಿಕ ಪರೀಕ್ಷೆ ಮಾತ್ರ; ಖಚಿತತೆಗೆ ಪ್ರಯೋಗಾಲಯದ ವಿಶ್ಲೇಷಣೆ ಅವಶ್ಯಕ.

ಸಾರ್ವಜನಿಕರ ಗಮನಕ್ಕೆ
1. ಮಾದರಿಯನ್ನು ಅದಿರು ಪದರದ ಅಡ್ಡಲಾಗಿ ಹಲವು ಕಡೆ ಸಂಗ್ರಹಿಸುವುದು ಸೂಕ್ತ. ಆಯ್ದ ಒಂದು ಕಲ್ಲು ಇಡೀ ನಿಕ್ಷೇಪವನ್ನು ಪ್ರತಿನಿಧಿಸುವುದಿಲ್ಲ.
2. ಅದಿರು ಮತ್ತು ಮಾತೃಶಿಲೆಯ ಮಾದರಿಗಳನ್ನು ಬೇರೆ ಬೇರೆ ಚೀಲಗಳಲ್ಲಿಟ್ಟು ಗ್ರಾಮ, ಸರ್ವೆ ನಂಬರ್ ನಮೂದಿಸತಕ್ಕದ್ದು.
3. ಸ್ವಂತ ಜಮೀನಿನಲ್ಲಿ ಅದಿರು ಕಂಡುಬಂದರೂ ಗುತ್ತಿಗೆಯಿಲ್ಲದೆ ಗಣಿಗಾರಿಕೆ ನಡೆಸುವಂತಿಲ್ಲ. ಗಣಿ ಮತ್ತು ಖನಿಜಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1957ರ ಮೇರೆಗೆ ಇದು ಶಿಕ್ಷಾರ್ಹ. 2015ರ ತಿದ್ದುಪಡಿಯ ನಂತರ ಕ್ರೋಮೈಟ್ ಗುತ್ತಿಗೆಗಳನ್ನು ಹರಾಜಿನ ಮೂಲಕ ನೀಡಲಾಗುತ್ತದೆ. ವಿಶ್ಲೇಷಣಾ ವರದಿಯು ಗುತ್ತಿಗೆಯ ಹಕ್ಕನ್ನು ನೀಡುವುದಿಲ್ಲ.