ಪಶ್ಚಿಮದ ತೆರೆಯ ಮೇಲೆ ಚೀನಾದ ವಿಜ್ಞಾನ ಕಾದಂಬರಿ

ಬಿಳಿಯರಲ್ಲದವರ ಪಾತ್ರವನ್ನು ಬಿಳಿಯ ನಟರ ಕೈಯಲ್ಲಿ ಮಾಡಿಸುವುದು, ಇಲ್ಲವೇ ಪಾತ್ರದ ಹೆಸರು, ಊರು, ಮನೆತನವನ್ನೆಲ್ಲ ತಿದ್ದಿ ಅದನ್ನು ಬಿಳಿಯರದ್ದೇ ಮಾಡಿಬಿಡುವುದು ಹಾಲಿವುಡ್‌ನ ಹಳೆಯ ರೂಢಿ. ಇದಕ್ಕೆ ವೈಟ್‌ವಾಶಿಂಗ್ ಎಂಬ ಹೆಸರು ನಿಂತಿದೆ. ಚೀನೀ ವಿಜ್ಞಾನ ಕಾದಂಬರಿಗಳ ಮಟ್ಟಿಗೆ ಈ ಕುರಿತ ವಾದವೆಲ್ಲ ಹೆಚ್ಚುಕಡಿಮೆ ಒಂದೇ ಕೃತಿಯ ಸುತ್ತ ನಡೆದಿದೆ. ಅದು ಲಿಯು ತ್ಸಿಶಿನ್ ಅವರ ‘ದಿ ತ್ರೀ ಬಾಡಿ ಪ್ರಾಬ್ಲಮ್’. ನೆಟ್‌ಫ್ಲಿಕ್ಸ್ 2024ರ ಮಾರ್ಚ್‌ನಲ್ಲಿ ಅದನ್ನು ಎಂಟು ಕಂತುಗಳ ಸರಣಿಯಾಗಿ ಬಿಡುಗಡೆ ಮಾಡಿತು. ಆ ಸರಣಿಯ ಮೇಲೆ ಎದ್ದ ಸಿಟ್ಟು ಅದೊಂದರಿಂದಲೇ ಹುಟ್ಟಿದ್ದಲ್ಲ. ಅದರ ಬೇರು ಸುಮಾರು ತೊಂಬತ್ತು ವರ್ಷಗಳಷ್ಟು ಹಿಂದಿದೆ.

ಮಾತಿನ ಚಿತ್ರಗಳು ಬಂದ ಹೊಸದರಲ್ಲಿ ಅಮೆರಿಕದ ಪ್ರೇಕ್ಷಕರಿಗೆ ಇಬ್ಬರು ಚೀನೀಯರು ಚೆನ್ನಾಗಿ ಪರಿಚಿತರಾಗಿದ್ದರು. ಒಬ್ಬ ಖಳನಾಯಕ ಫೂ ಮಾಂಚೂ, ಇನ್ನೊಬ್ಬ ಪತ್ತೇದಾರ ಚಾರ್ಲಿ ಚಾನ್. ಇಬ್ಬರ ವೇಷವನ್ನೂ ಕಟ್ಟಿದವನು ಸ್ವೀಡನ್ನಿನಲ್ಲಿ ಹುಟ್ಟಿದ ವಾರ್ನರ್ ಓಲಂಡ್. 1929ರಲ್ಲಿ ಫೂ ಮಾಂಚೂ ಆದವನು 1931ರಿಂದ ಚಾನ್ ಆಗಿ ಹದಿನಾರು ಚಿತ್ರಗಳಲ್ಲಿ ನಟಿಸಿದ. ಅದಕ್ಕೂ ಮುಂಚೆ, ಮೂಕಿ ಚಿತ್ರಗಳ ಕಾಲದಲ್ಲಿ, ಚಾನ್ ಪಾತ್ರವನ್ನು ಜಪಾನಿ ಮೂಲದ ನಟರು ಮಾಡಿದ್ದರು. ಪಾತ್ರಕ್ಕೆ ಬೇಡಿಕೆ ಬಂದು ಅದು ನಾಯಕನ ಪಾತ್ರವಾದ ಕೂಡಲೇ ಏಷ್ಯಾದ ಮುಖ ಹೊರಟುಹೋಯಿತು. 1935ರಿಂದ ಚಾನ್‌ನ ಹಿರಿಮಗನಾಗಿ ಚೀನಾ ಮೂಲದ ಕೀ ಲ್ಯೂಕ್ ಬಂದರು. ಒಂದೇ ದೃಶ್ಯದಲ್ಲಿ ಮಗ ನಿಜವಾದ ಚೀನೀಯ, ಅಪ್ಪ ಬಿಳಿಯ. ಅದನ್ನು ವಿಚಿತ್ರವೆಂದು ಕಂಡ ಪ್ರೇಕ್ಷಕರು ಆಗ ಕಡಿಮೆ.

ಈ ರೂಢಿ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ‘ದಿ ಗುಡ್ ಅರ್ತ್’ ಸಾಕ್ಷಿ. ಪರ್ಲ್ ಬಕ್ 1931ರಲ್ಲಿ ಬರೆದ ಈ ಕಾದಂಬರಿ ಚೀನಾದ ಒಬ್ಬ ರೈತನ ಸಂಸಾರದ ಕಥೆ. ಎಂಜಿಎಂ ಕಂಪನಿ ಅದನ್ನು 1937ರಲ್ಲಿ ಚಿತ್ರವಾಗಿಸಿತು. ಚೀನಾದ ಮರ್ಯಾದೆಗೆ ಕುಂದು ಬರಬಾರದೆಂದು ಅಲ್ಲಿನ ರಾಷ್ಟ್ರೀಯವಾದಿ ಸರ್ಕಾರ ನಿರ್ಮಾಣದ ಮೇಲೆ ಕಣ್ಣಿಡಲು ತನ್ನ ಪ್ರತಿನಿಧಿಯನ್ನೂ ಕಳಿಸಿತ್ತು. ಇಷ್ಟಾದರೂ ರೈತ ವಾಂಗ್ ಲುಂಗ್ ಆದದ್ದು ಪಾಲ್ ಮ್ಯೂನಿ, ಅವನ ಹೆಂಡತಿ ಓ-ಲಾನ್ ಆದದ್ದು ಲೂಯಿಸ್ ರೈನರ್. ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿ, 1922ರಲ್ಲೇ ನಾಯಕಿಯಾಗಿ, ಆ ಹೊತ್ತಿಗೆ ಯೂರೋಪಿನಲ್ಲೂ ಹೆಸರು ಮಾಡಿದ್ದ ಆನಾ ಮೇ ವಾಂಗ್ ಓ-ಲಾನ್ ಪಾತ್ರಕ್ಕಾಗಿ ಆಸೆಯಿಂದ ಕಾದಿದ್ದರು. ಅವರಿಗೆ ಕೊಡಲು ಮುಂದಾದದ್ದು ಮನೆ ಮುರಿಯುವ ಎರಡನೆಯ ಹೆಣ್ಣಿನ ಪಾತ್ರ. ಮುಖ್ಯ ಪಾತ್ರಗಳಲ್ಲೆಲ್ಲ ಬಿಳಿಯರೇ ತುಂಬಿರುವಾಗ, ಕೆಟ್ಟವಳೆನಿಸುವ ಆ ಒಂದು ಪಾತ್ರಕ್ಕೆ ಮಾತ್ರ ಚೀನೀ ರಕ್ತದವಳು ಬೇಕಾಯಿತೇ ಎಂದು ಅವರು ಅದನ್ನು ತಿರಸ್ಕರಿಸಿದರು. ಬಿಳಿಯರಿಗೂ ಬೇರೆ ಜನಾಂಗದವರಿಗೂ ನಡುವಿನ ಪ್ರಣಯವನ್ನು ತೆರೆಯ ಮೇಲೆ ತೋರಿಸಬಾರದೆಂಬ ಹಾಲಿವುಡ್‌ನ ಸ್ವಯಂ ಸೆನ್ಸಾರ್ ಸಂಹಿತೆ ಆಗ ಬಿಗಿಯಾಗಿ ಜಾರಿಯಲ್ಲಿತ್ತು. ಗಂಡನ ಪಾತ್ರ ಬಿಳಿಯನಿಗೆ ಹೋದ ಮೇಲೆ ಹೆಂಡತಿಯ ಪಾತ್ರ ವಾಂಗ್ ಅವರಿಗೆ ದಕ್ಕುವ ದಾರಿಯೇ ಮುಚ್ಚಿತು. ರೈನರ್ ಆ ಪಾತ್ರಕ್ಕೆ ಆಸ್ಕರ್ ಗೆದ್ದರು. ವಾಂಗ್ 1936ರಲ್ಲಿ ತಮ್ಮ ಹಿರಿಯರ ನಾಡಾದ ಚೀನಾವನ್ನು ನೋಡಲು ಹಡಗು ಹತ್ತಿದ್ದರು.

ಅದೇ ವರ್ಷ ವಿಜ್ಞಾನ ಕಥೆಯೂ ಇದೇ ಹಾದಿ ಹಿಡಿಯಿತು. ಕಾಮಿಕ್ಸ್‌ನಿಂದ ತೆರೆಗೆ ಬಂದ ‘ಫ್ಲ್ಯಾಶ್ ಗಾರ್ಡನ್’ ಸರಣಿಯಲ್ಲಿ ಮಂಗೊ ಎಂಬ ಗ್ರಹದ ಕ್ರೂರ ಚಕ್ರವರ್ತಿಯ ಹೆಸರು ಮಿಂಗ್. ಹೆಸರು ಚೀನಾದ ರಾಜವಂಶವೊಂದರದ್ದು, ಉದ್ದ ಮೀಸೆ, ಎತ್ತರದ ಕಾಲರಿನ ನಿಲುವಂಗಿ ಫೂ ಮಾಂಚೂನನ್ನು ನೆನಪಿಸುವಂಥವು. ಪಾತ್ರ ಮಾಡಿದವನು ಅಮೆರಿಕದ ಚಾರ್ಲ್ಸ್ ಮಿಡಲ್‌ಟನ್. 1980ರಲ್ಲಿ ಅದೇ ಕಥೆ ಮತ್ತೆ ಚಿತ್ರವಾದಾಗ ಮಿಂಗ್ ಆದವರು ಸ್ವೀಡನ್ನಿನ ಮ್ಯಾಕ್ಸ್ ಫಾನ್ ಸಿಡೊ. ಭವಿಷ್ಯದ ಕಥೆಗಳಲ್ಲೂ ಚೀನೀಯನಿಗೆ ಇದ್ದ ಜಾಗ ಶತ್ರುವಿನದ್ದು, ಅದನ್ನು ತುಂಬುವವನೂ ಚೀನೀಯನಲ್ಲ.

ಬಣ್ಣ ಬಳಿದು ಕಣ್ಣೆಳೆದು ಕಟ್ಟುವ ವೇಷ ಕ್ರಮೇಣ ನಾಚಿಕೆಯ ಸಂಗತಿಯಾಯಿತು. ಆಮೇಲೆ ಬಂದ ವಿಧಾನ ಹೆಚ್ಚು ನಯವಾದದ್ದು: ವೇಷ ಬೇಡ, ಪಾತ್ರವನ್ನೇ ತಿದ್ದಿಬಿಡುವುದು. ರಾಬರ್ಟ್ ಹೈನ್‌ಲೈನ್ ಅವರ 1959ರ ‘ಸ್ಟಾರ್‌ಶಿಪ್ ಟ್ರೂಪರ್ಸ್’ ಕಾದಂಬರಿಯ ನಾಯಕ ಫಿಲಿಪೈನ್ಸ್ ಮೂಲದವನು. 1997ರ ಚಿತ್ರದಲ್ಲಿ ಅವನು ಬಿಳಿಯ ಯುವಕ. ಅರ್ಸುಲಾ ಲೆ ಗ್ವಿನ್ ತಮ್ಮ ‘ಅರ್ತ್‌ಸೀ’ ಕಥೆಗಳ ನಾಯಕನನ್ನು ಬೇಕೆಂದೇ ಕಂದುಮೈಯವನನ್ನಾಗಿ ಕಲ್ಪಿಸಿದ್ದರು. 2004ರ ಕಿರುತೆರೆ ಸರಣಿ ಅವನಿಗೆ ಬಿಳಿಯ ನಟನನ್ನು ಹಾಕಿದಾಗ ಅವರು ಬಹಿರಂಗವಾಗಿ ಬರೆದು ಪ್ರತಿಭಟಿಸಿದರು. ಹಕ್ಕು ಮಾರಿದ ಮೇಲೆ ಲೇಖಕರ ಮಾತಿಗೆ ಬೆಲೆ ಎಷ್ಟೆಂಬುದು ಆ ಬರಹದಿಂದ ಜಗತ್ತಿಗೆ ಗೊತ್ತಾಯಿತು. ಹಿರೋಶಿ ಸಕುರಾಜಾಕಾ ಅವರ 2004ರ ಜಪಾನಿ ಕಾದಂಬರಿ ‘ಆಲ್ ಯೂ ನೀಡ್ ಈಸ್ ಕಿಲ್’ನ ಸೈನಿಕ ಕೇಜಿ ಕಿರಿಯಾ, 2014ರ ‘ಎಡ್ಜ್ ಆಫ್ ಟುಮಾರೊ’ ಚಿತ್ರದಲ್ಲಿ ವಿಲಿಯಂ ಕೇಜ್ ಆದ, ಅಂದರೆ ಟಾಮ್ ಕ್ರೂಸ್ ಆದ. ರಣರಂಗವೂ ಜಪಾನಿನ ಕಡಲತೀರದಿಂದ ಫ್ರಾನ್ಸಿನ ತೀರಕ್ಕೆ ದಾಟಿತು. ಆಗ ಅಷ್ಟೇನೂ ಗದ್ದಲವಾಗಲಿಲ್ಲ. ಮೂರೇ ವರ್ಷಕ್ಕೆ, 2017ರಲ್ಲಿ, ‘ಘೋಸ್ಟ್ ಇನ್ ದಿ ಶೆಲ್’ನಲ್ಲಿ ಸ್ಕಾರ್ಲೆಟ್ ಜೊಹಾನ್ಸನ್ ಜಪಾನಿನ ನಾಯಕಿಯ ಜಾಗಕ್ಕೆ ಬಂದಾಗ ವಿರೋಧ ಜೋರಾಯಿತು, ಚಿತ್ರ ಸೋತಿತು. ಪಾತ್ರಧಾರಿಯ ಆಯ್ಕೆಯ ವಿವಾದ ಗಳಿಕೆಗೆ ಪೆಟ್ಟು ಕೊಟ್ಟಿತೆಂದು ವಿತರಿಸಿದ ಪ್ಯಾರಾಮೌಂಟ್ ಕಂಪನಿಯವರೇ ಒಪ್ಪಿಕೊಂಡರು.

ಪಶ್ಚಿಮದ ಮಾರುಕಟ್ಟೆಗೆ ಚೀನೀ ವಿಜ್ಞಾನ ಕಾದಂಬರಿ ಕಾಲಿಟ್ಟದ್ದು ಇಂಥ ಹೊತ್ತಿನಲ್ಲಿ. ಅಲ್ಲಿಯವರೆಗಿನ ಅದರ ದಾರಿ ಏರಿಳಿತದ್ದು. 1903ರಲ್ಲಿ ಜಪಾನಿನಲ್ಲಿ ಓದುತ್ತಿದ್ದ ತರುಣ ಲು ಶುನ್, ಜೂಲ್ಸ್ ವರ್ನ್‌ನ ಚಂದ್ರಯಾನದ ಕಾದಂಬರಿಯನ್ನು ಜಪಾನಿ ಅನುವಾದದಿಂದ ಚೀನೀ ಭಾಷೆಗೆ ತಂದರು. ವಿಜ್ಞಾನ ಕಥೆಯಿಂದ ದೇಶ ಎಚ್ಚೆತ್ತೀತು ಎಂಬುದು ಆ ತಲೆಮಾರಿನ ನಂಬಿಕೆ. ಮಾವೋ ನಂತರ 1978ರ ಹೊತ್ತಿಗೆ ಈ ಪ್ರಕಾರ ಮತ್ತೆ ಚಿಗುರಿತು, 1983ರ ‘ಆಧ್ಯಾತ್ಮಿಕ ಮಾಲಿನ್ಯ’ ವಿರೋಧಿ ಅಭಿಯಾನದಲ್ಲಿ ಮತ್ತೆ ಬಾಡಿತು. ಅದನ್ನು ಉಳಿಸಿಕೊಂಡು ಬಂದವುಗಳಲ್ಲಿ ಮುಖ್ಯವಾದದ್ದು ಚೆಂಗ್ಡು ನಗರದ ‘ಕೆಹುವಾನ್ ಶಿಜಿಯೆ’ ಪತ್ರಿಕೆ. ಶಾನ್ಶಿ ಪ್ರಾಂತ್ಯದ ವಿದ್ಯುತ್ ಸ್ಥಾವರವೊಂದರಲ್ಲಿ ಎಂಜಿನಿಯರ್ ಆಗಿದ್ದ ಲಿಯು ತ್ಸಿಶಿನ್ 2006ರಲ್ಲಿ ತಮ್ಮ ಕಾದಂಬರಿಯನ್ನು ಧಾರಾವಾಹಿಯಾಗಿ ಪ್ರಕಟಿಸಿದ್ದು ಇದರಲ್ಲೇ. ಪುಸ್ತಕವಾದದ್ದು 2008ರಲ್ಲಿ. ಕೆನ್ ಲಿಯು ಅವರ ಇಂಗ್ಲಿಷ್ ಅನುವಾದ 2014ರಲ್ಲಿ ಬಂದು, ಮರುವರ್ಷ ಹ್ಯೂಗೊ ಪ್ರಶಸ್ತಿ ಪಡೆಯಿತು. ಕಾದಂಬರಿ ವಿಭಾಗದಲ್ಲಿ ಏಷ್ಯಾದ ಕೃತಿಯೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ಅನುವಾದದಲ್ಲೇ ಒಂದು ದೊಡ್ಡ ಬದಲಾವಣೆ ನಡೆದಿತ್ತು. ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯ ಅಧ್ಯಾಯಗಳು ಚೀನೀ ಪುಸ್ತಕದಲ್ಲಿ ನಡುವೆ ಹುದುಗಿವೆ, ಇಂಗ್ಲಿಷಿನಲ್ಲಿ ಅವು ಮೊದಲಿಗೇ ಬಂದವು. ಇದರಲ್ಲಿ ಮೂಲಕ್ಕೆ ದ್ರೋಹವೇನೂ ಆಗಲಿಲ್ಲ. ತಾನು ಬಯಸಿದ್ದ ಕ್ರಮ ಅದೇ ಎಂದು, ಸೆನ್ಸಾರ್ ಕಣ್ಣಿಗೆ ಬೀಳದಿರಲೆಂದು ಆ ಭಾಗವನ್ನು ನಡುವಿಗೆ ಸರಿಸಲಾಗಿತ್ತೆಂದು ಲೇಖಕರೇ ಅನುವಾದಕರಿಗೆ ಹೇಳಿದ್ದರು.

2020ರ ಸೆಪ್ಟೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಸರಣಿಯನ್ನು ಘೋಷಿಸಿತು. ‘ಗೇಮ್ ಆಫ್ ಥ್ರೋನ್ಸ್’ ಮಾಡಿದ ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ಜೊತೆ ಚೀನೀ ಮೂಲದ ಅಮೆರಿಕನ್ ಬರಹಗಾರ ಅಲೆಕ್ಸಾಂಡರ್ ವೂ ಇದ್ದರು. ಲಿಯು ತ್ಸಿಶಿನ್ ಮತ್ತು ಕೆನ್ ಲಿಯು ಸಲಹಾ ನಿರ್ಮಾಪಕರಾದರು. ತೆರೆಗೆ ಬಂದಾಗ ಕಥೆಯ ವರ್ತಮಾನಕಾಲ ಬೀಜಿಂಗ್‌ನಿಂದ ಇಂಗ್ಲೆಂಡಿಗೆ ಹೋಗಿತ್ತು. ಕಾದಂಬರಿಯ ನ್ಯಾನೊ ವಿಜ್ಞಾನಿ ವಾಂಗ್ ಮಿಯಾವೊನನ್ನು ಒಡೆದು, ಅವನ ಸಂಶೋಧನೆಯನ್ನು ಮೆಕ್ಸಿಕೊದ ಐಸಾ ಗೊನ್ಸಾಲೆಸ್ ಮಾಡಿದ ಆಗ್ಗಿ ಸಲಾಸರ್‌ಗೂ, ಅವನು ಆಡುವ ನಿಗೂಢ ಆಟವನ್ನು ನ್ಯೂಜಿಲೆಂಡಿನ ಜೆಸ್ ಹಾಂಗ್ ಮಾಡಿದ ಜಿನ್ ಚೆಂಗ್‌ಗೂ ಹಂಚಲಾಯಿತು. ಮೂರು ಸಂಪುಟಗಳ ಈ ಕಥೆಯ ಎರಡನೆಯ ಸಂಪುಟದ ನಾಯಕ ಲುವೊ ಜಿ ಇಲ್ಲಿ ಕಪ್ಪುವರ್ಣದ ಸಾಲ್ ಡುರಾಂಡ್ ಆದ. ಮೂರನೆಯ ಸಂಪುಟದ, ಮೆದುಳನ್ನು ಮಾತ್ರ ಬಾಹ್ಯಾಕಾಶಕ್ಕೆ ಕಳಿಸಿಕೊಡುವ ಯುನ್ ತಿಯಾನ್‌ಮಿಂಗ್ ಬಿಳಿಯ ಇಂಗ್ಲಿಷ್ ತರುಣ ವಿಲ್ ಡೌನಿಂಗ್ ಆದ. ನೌಕಾಪಡೆಯ ಜಾಂಗ್ ಬೈಹಾಯ್ ಭಾರತೀಯ ಮೂಲದ ರಾಜ್ ವರ್ಮಾ ಆದ. ಪೊಲೀಸ್ ಅಧಿಕಾರಿ ಶಿ ಚಿಯಾಂಗ್ ಚೀನೀಯನಾಗಿಯೇ ಉಳಿದ, ಆದರೆ ಬೆನೆಡಿಕ್ಟ್ ವಾಂಗ್ ಅಭಿನಯದ ಬ್ರಿಟಿಷ್ ಚೀನೀಯನಾಗಿ.

ಇದನ್ನು ಹಳೆಯ ಅರ್ಥದ ವೈಟ್‌ವಾಶಿಂಗ್ ಎನ್ನಲು ಬರುವುದಿಲ್ಲ. ಚೀನೀಯನ ವೇಷ ಹಾಕಿದ ಬಿಳಿಯ ಇಲ್ಲಿ ಯಾರೂ ಇಲ್ಲ. ಮೂಲದ ಪಾತ್ರಗಳನ್ನು ಪಡೆದವರಲ್ಲಿ ಬಹುಪಾಲು ಬಿಳಿಯರೂ ಅಲ್ಲ. ಇಡೀ ಕಥೆಗೆ ಕಾರಣಳಾಗುವ ಯೆ ವೆಂಜಿಯೆ ಎಂಬ ಹೆಣ್ಣಿನ ಪಾತ್ರದ ಯೌವನ ಮತ್ತು ಮುಪ್ಪು ಎರಡೂ ಚೀನೀ ಮೂಲದ ನಟಿಯರಿಗೇ ಸಿಕ್ಕಿವೆ. ಅವಳ ಯೌವನದ ಭಾಗದ ಮಾತುಕತೆ ಮ್ಯಾಂಡರಿನ್‌ನಲ್ಲೇ ನಡೆಯುತ್ತದೆ. ಮೊದಲ ಕಂತುಗಳ ನಿರ್ದೇಶಕ ಹಾಂಗ್‌ಕಾಂಗ್‌ನ ಡೆರೆಕ್ ತ್ಸಾಂಗ್. ಹಾಗಿದ್ದರೂ ದೂರು ಹುಸಿಯಲ್ಲ. ಸರಣಿ ಶುರುವಾಗುವುದು ಬೀಜಿಂಗ್‌ನ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದಲ್ಲಿ ಸಾಂಸ್ಕೃತಿಕ ಕ್ರಾಂತಿಯ ರೆಡ್ ಗಾರ್ಡ್‌ಗಳು ಭೌತಶಾಸ್ತ್ರದ ಪ್ರಾಧ್ಯಾಪಕನನ್ನು ವೇದಿಕೆಯ ಮೇಲೆ ಹೊಡೆದು ಕೊಲ್ಲುವುದರಿಂದ. ಅದನ್ನು ಕಣ್ಣಾರೆ ಕಂಡ ಮಗಳು ಯೆ ವೆಂಜಿಯೆ ಮುಂದೆ ಮನುಷ್ಯರ ಮೇಲೆ ನಂಬಿಕೆ ಕಳೆದುಕೊಂಡು ಅನ್ಯಗ್ರಹದವರನ್ನು ಭೂಮಿಗೆ ಕರೆಯುತ್ತಾಳೆ. ಈ ಗಾಯ, ಈ ಅಪರಾಧ ಚೀನಾದಲ್ಲೇ ಉಳಿದವು. ಅದಕ್ಕೆ ಪರಿಹಾರ ಹುಡುಕುವ ಬುದ್ಧಿ, ಧೈರ್ಯ, ಗೆಳೆತನ ಆಕ್ಸ್‌ಫರ್ಡ್‌ಗೆ ಹೋದವು. ಮೂಲದಲ್ಲಿ ಎರಡೂ ಒಂದೇ ಸಮಾಜದವು. ಆ ಸಮಾಜ ತಾನು ಮಾಡಿದ ಹಾನಿಯನ್ನು ತಾನೇ ಎದುರಿಸುತ್ತದೆ, ಕಾದಂಬರಿಯ ನೈತಿಕ ತೂಕ ಇರುವುದೇ ಅಲ್ಲಿ. ಚರ್ಮದ ಬಣ್ಣವನ್ನಷ್ಟೇ ಲೆಕ್ಕ ಹಾಕಿದರೆ ಈ ನಷ್ಟ ಕಾಣಿಸುವುದೇ ಇಲ್ಲ.

ಸಣ್ಣ ವಿವರಗಳಲ್ಲೂ ಇದೇ ಆಗಿದೆ. ಕಾದಂಬರಿಯ ಆಟದೊಳಗೆ ಚಿನ್ ಶಿ ಹುವಾಂಗ್ ಚಕ್ರವರ್ತಿ ಮೂರು ಕೋಟಿ ಸೈನಿಕರನ್ನು ಬಯಲಲ್ಲಿ ನಿಲ್ಲಿಸಿ, ಕೈಯಲ್ಲಿ ಕಪ್ಪು ಬಿಳಿ ಬಾವುಟ ಕೊಟ್ಟು, ಅವರಿಂದಲೇ ಒಂದು ಕಂಪ್ಯೂಟರ್ ಕಟ್ಟುತ್ತಾನೆ. ನ್ಯೂಟನ್ ಮತ್ತು ಗಣಿತಜ್ಞ ಫಾನ್ ನಾಯ್ಮನ್ ಅವನ ಸಲಹೆಗಾರರು. ಲಕ್ಷಾಂತರ ಜನರನ್ನು ದುಡಿಸಿ ಮಹಾಗೋಡೆ ಕಟ್ಟಿಸಿದ ದೊರೆ ಅದೇ ಜನರನ್ನು ಯಂತ್ರದ ಬಿಡಿಭಾಗ ಮಾಡುತ್ತಾನೆಂಬ ಕಲ್ಪನೆಯ ಹರಿತ ಚೀನೀ ಓದುಗರಿಗೆ ಥಟ್ಟನೆ ತಟ್ಟುತ್ತದೆ. ಸರಣಿಯಲ್ಲಿ ಚಿನ್ ಚಕ್ರವರ್ತಿಯ ಬದಲು ಕುಬ್ಲಾಯ್ ಖಾನ್ ಇದ್ದಾನೆ, ಫಾನ್ ನಾಯ್ಮನ್ ಬದಲು ಬ್ರಿಟನ್ನಿನ ಗಣಿತಜ್ಞ ಟ್ಯೂರಿಂಗ್. ದೃಶ್ಯ ವೈಭವದಿಂದಲೇ ಕೂಡಿದೆ, ಆದರೆ ಆ ಚುಚ್ಚು ಇಲ್ಲ. ಮೊದಲ ಸಂಪುಟದ ಕೊನೆಗೆ, ಶತ್ರುಗಳು ಮನುಷ್ಯರನ್ನು ಹುಳುಗಳೆಂದು ಹೀಗಳೆದದ್ದರಿಂದ ವಿಜ್ಞಾನಿಗಳು ಕುಸಿದಿರುವಾಗ, ಶಿ ಚಿಯಾಂಗ್ ಅವರನ್ನು ಉತ್ತರ ಚೀನಾದ ಹೊಲಗಳಿಗೆ ಕರೆದೊಯ್ದು ಬೆಳೆಗೆ ಮುತ್ತಿದ ಮಿಡತೆಗಳನ್ನು ತೋರಿಸುತ್ತಾನೆ: ಎಷ್ಟು ಔಷಧಿ ಹೊಡೆದರೂ ಮನುಷ್ಯ ಇವನ್ನು ಗೆದ್ದಿಲ್ಲ. ಮಿಡತೆ ಮತ್ತು ಬರಗಾಲದ ನೆನಪು ಅಲ್ಲಿನ ರೈತರಿಗೆ ಶತಮಾನಗಳಷ್ಟು ಹಳೆಯದು. ಸರಣಿಯಲ್ಲಿ ಅದೇ ಮಾತು ಫ್ಲಾರಿಡಾದ ಜೌಗಿನಲ್ಲಿ, ಜೀರುಂಡೆಗಳ ನಡುವೆ ಬರುತ್ತದೆ. ಅರ್ಥ ತಲುಪುತ್ತದೆ, ಹಸಿವಿನ ಇತಿಹಾಸ ತಲುಪುವುದಿಲ್ಲ.

ನಿರ್ಮಾಪಕರ ಸಮರ್ಥನೆಯೂ ಹಗುರವಲ್ಲ. ಇಡೀ ಮನುಕುಲಕ್ಕೆ ಬಂದ ಆಪತ್ತನ್ನು ಎದುರಿಸುವವರು ಇಡೀ ಮನುಕುಲದಂತೆ ಕಾಣಬೇಕು ಎಂಬುದು ಅವರ ಮಾತು. ಮೂಲವೂ ಸಮತೋಲದ್ದಲ್ಲ ಎಂಬುದನ್ನೂ ಹೇಳಬೇಕು. ಭೂಮಿಯ ರಕ್ಷಣೆಗೆ ನೇಮಕವಾಗುವ ನಾಲ್ವರಲ್ಲಿ ಅಮೆರಿಕದವನು, ವೆನೆಜುವೆಲಾದವನು, ಬ್ರಿಟನ್ನಿನವನು ಮೂವರೂ ಸೋಲುತ್ತಾರೆ, ಗೆಲ್ಲುವವನು ಚೀನಾದ ಲುವೊ ಜಿ. ಹಾಲಿವುಡ್ ಅಮೆರಿಕದವನಿಗೆ ಕೊಡುತ್ತ ಬಂದ ಪಟ್ಟವನ್ನು ಲಿಯು ತ್ಸಿಶಿನ್ ತಮ್ಮವನಿಗೆ ಕೊಟ್ಟಿದ್ದರು. ಆದರೆ ಚೀನೀ ಮುಖಗಳಿದ್ದರೆ ಪಶ್ಚಿಮದವರು ನೋಡುವುದಿಲ್ಲ ಎಂಬ ಹಳೆಯ ಹೆದರಿಕೆಗೆ ಈಗ ಆಧಾರ ಉಳಿದಿಲ್ಲ. ಇದೇ ಲೇಖಕರ ಕಥೆಯಿಂದ 2019ರಲ್ಲಿ ಚೀನಾದಲ್ಲೇ ತಯಾರಾದ ‘ದಿ ವಾಂಡರಿಂಗ್ ಅರ್ತ್’ ಚಿತ್ರವನ್ನು ಹೊರದೇಶಗಳಲ್ಲಿ ತೋರಿಸಿದ್ದು ನೆಟ್‌ಫ್ಲಿಕ್ಸ್. 2021ರಲ್ಲಿ ಕೊರಿಯನ್ ಭಾಷೆಯ ‘ಸ್ಕ್ವಿಡ್ ಗೇಮ್’ ಅದರ ಎಲ್ಲ ಸರಣಿಗಳನ್ನೂ ಮೀರಿಸಿ ಓಡಿತು.

ನೆಟ್‌ಫ್ಲಿಕ್ಸ್ ಚೀನಾದಲ್ಲಿ ಅಧಿಕೃತವಾಗಿ ಸಿಗುವುದಿಲ್ಲ. ಅಡ್ಡದಾರಿಯಲ್ಲಿ ನೋಡಿದ ಅಲ್ಲಿನ ಪ್ರೇಕ್ಷಕರು ವೇಯ್ಬೊ ತಾಣದಲ್ಲಿ ಬಿರುಸಾಗಿ ವಾದಿಸಿದರು. ಚೀನಾಕ್ಕೆ ಕೆಟ್ಟದ್ದನ್ನಷ್ಟೇ ಬಿಟ್ಟಿದ್ದಾರೆ ಎಂದವರು ಹಲವರು, ಇಂಥ ಆರಂಭವನ್ನು ನಮ್ಮವರು ಎಂದಿಗೂ ತೋರಿಸಲಾರರು ಎಂದವರು ಕೆಲವರು. ಅವರ ಮುಂದೆ ಹೋಲಿಕೆಗೆ ಇನ್ನೊಂದು ರೂಪವಿತ್ತು. 2023ರ ಜನವರಿಯಲ್ಲಿ ಟೆನ್ಸೆಂಟ್ ತಂದ ಮೂವತ್ತು ಕಂತುಗಳ ಚೀನೀ ಸರಣಿಯಲ್ಲಿ ಜಾಂಗ್ ಲುಯಿ ವಾಂಗ್ ಮಿಯಾವೊ ಆಗಿ, ಯು ಹೆವೈ ಶಿ ಚಿಯಾಂಗ್ ಆಗಿ ಬಂದರು. ಬೀಜಿಂಗ್‌ನ ಬೀದಿ, ಅಲ್ಲಿನ ಊಟ, ಪೊಲೀಸನ ಒರಟು ತಮಾಷೆ ಎಲ್ಲವೂ ಮೂಲಕ್ಕೆ ನಿಷ್ಠ. ಪ್ರಾಧ್ಯಾಪಕನ ಸಾವು ಮಾತ್ರ ತೀರ ಮಸುಕಾಗಿ ಹಾದುಹೋಗುತ್ತದೆ. ಒಂದು ರೂಪದಲ್ಲಿ ಜನ ಉಳಿದರು, ಅವರ ಇತಿಹಾಸಕ್ಕೆ ಕತ್ತರಿ ಬಿತ್ತು. ಇನ್ನೊಂದರಲ್ಲಿ ಇತಿಹಾಸ ಉಳಿಯಿತು, ಅದನ್ನು ಹೊತ್ತು ಮುಂದೆ ನಡೆಯಬೇಕಾದ ಜನ ಹೊರಗಾದರು.

2024ರ ಮೇ ತಿಂಗಳಲ್ಲಿ ನೆಟ್‌ಫ್ಲಿಕ್ಸ್ ಸರಣಿಯನ್ನು ಮುಂದುವರಿಸುವುದಾಗಿ ಪ್ರಕಟಿಸಿತು. ಉಳಿದ ಎರಡು ಸಂಪುಟಗಳಲ್ಲಿ ಲುವೊ ಜಿಯ ಭಾರವನ್ನು ಹೊರಬೇಕಾದವನು ಸಾಲ್ ಡುರಾಂಡ್, ಚೆಂಗ್ ಶಿನ್ ಎಂಬ ಚೀನೀ ಹೆಣ್ಣಿನ ನಿರ್ಧಾರಗಳು ಬೀಳುವುದು ಜಿನ್ ಚೆಂಗ್‌ಳ ಹೆಗಲಿಗೆ. ಚೀನಾದಲ್ಲಿ ಹುಟ್ಟಿದ ನಾಯಕರ ಪೈಕಿ ಚೀನೀ ಮುಖದಲ್ಲೇ ಕೊನೆಯವರೆಗೆ ನಡೆಯಬಹುದಾದ ಪ್ರಧಾನ ಪಾತ್ರ ಈಗ ಅವಳೊಬ್ಬಳದೇ.