ದೇಹ ವಿಷವನ್ನು ಹೊರಹಾಕುವುದು ಹೇಗೆ?

ನಾಸಿಕ್ ಜಿಲ್ಲೆಯ ಓಝರ್‌ನಲ್ಲಿ ಎಚ್‌ಎಎಲ್ ವಿಮಾನ ಕಾರ್ಖಾನೆಯಿದೆ, ಸುತ್ತಲೂ ದ್ರಾಕ್ಷಿ ತೋಟಗಳಿವೆ. ನಮ್ಮ ವಿಜಯಪುರದಂತೆ ಇಲ್ಲಿಯೂ ಬೆಳೆಗೆ ಹಲವು ಬಾರಿ ಔಷಧಿ ಹೊಡೆಯುತ್ತಾರೆ. ಹೊಡೆಯುವವರ ಚರ್ಮ, ಉಸಿರು, ಬಾಯಿಯ ಮೂಲಕ ಅದು ದೇಹ ಸೇರಬಹುದು. ಆಮೇಲೆ ಏನಾಗುತ್ತದೆ?

ಯಕೃತ್ತಿನ ಕೆಲಸ

ಅನೇಕ ಕೀಟನಾಶಕಗಳು ಕೊಬ್ಬಿನಲ್ಲಿ ಕರಗುತ್ತವೆ, ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಹಾಗಾಗಿ ಅವು ನೇರವಾಗಿ ಮೂತ್ರದಲ್ಲಿ ಹೋಗಲಾರವು. ಯಕೃತ್ತಿನ ಕಿಣ್ವಗಳು ಅವುಗಳ ರೂಪ ಬದಲಿಸಿ, ನೀರಿನಲ್ಲಿ ಕರಗುವಂತೆ ಮಾಡುತ್ತವೆ.

ಈ ಬದಲಾವಣೆಯಲ್ಲಿ ಕೆಲವೊಮ್ಮೆ ಅಪಾಯವೂ ಇದೆ. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಯಕೃತ್ತಿನಲ್ಲಿ ಮೊದಲು ಇನ್ನೂ ಹೆಚ್ಚು ವಿಷಕಾರಿಯಾದ ‘ಆಕ್ಸಾನ್’ ರೂಪ ಪಡೆಯುತ್ತದೆ. ನಂತರ ಬೇರೆ ಕಿಣ್ವಗಳು ಅದನ್ನು ಒಡೆಯುತ್ತವೆ. ವಿಷದ ಪ್ರಮಾಣ ಹೆಚ್ಚಾದರೆ ಒಡೆಯುವ ಕೆಲಸ ಹಿಂದೆ ಬೀಳುತ್ತದೆ, ನರಗಳಿಗೆ ತೊಂದರೆಯಾಗುತ್ತದೆ.

ಮೂತ್ರಪಿಂಡ ಮತ್ತು ಕರುಳು

ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದದ್ದನ್ನು ಮರಳಿ ಹೀರಿಕೊಳ್ಳುತ್ತವೆ. ಉಳಿದ 1–2 ಲೀಟರ್ ಮೂತ್ರವಾಗಿ ಹೋಗುತ್ತದೆ. ಕೆಲವು ವಸ್ತುಗಳು ಪಿತ್ತರಸದೊಂದಿಗೆ ಮಲದಲ್ಲಿ ಹೊರಬೀಳುತ್ತವೆ. ಬೆವರಿನ ಪಾಲು ತೀರಾ ಕಡಿಮೆ.

‘ಡಿಟಾಕ್ಸ್’ ಪಾನೀಯ ಬೇಕೇ?

ಬೇಡ. ಆರೋಗ್ಯವಂತರ ಯಕೃತ್ತು, ಮೂತ್ರಪಿಂಡಗಳೇ ಈ ಕೆಲಸ ಮಾಡುತ್ತವೆ. ಔಷಧಿ ಹೊಡೆದ ಮೇಲೆ ಬೆಲ್ಲ ತಿಂದರೆ, ಹಾಲು ಕುಡಿದರೆ ವಿಷ ಇಳಿಯುತ್ತದೆ ಎಂದು ನಂಬಿ ಕೂರಬೇಡಿ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಸಿಂಪಡಿಸಿದವರಲ್ಲಿ 20ಕ್ಕೂ ಹೆಚ್ಚು ಮಂದಿ ಸತ್ತರು. ವಿಷ ಒಳಗೆ ಹೋಗದಂತೆ ತಡೆಯುವುದೇ ಉತ್ತಮ: ಕೈಗವಸು, ಮಾಸ್ಕ್, ಉದ್ದ ತೋಳಿನ ಅಂಗಿ ಧರಿಸಿ, ಗಾಳಿಗೆ ಎದುರಾಗಿ ಹೊಡೆಯಬೇಡಿ, ಕೈ ತೊಳೆಯದೆ ಊಟ ಮಾಡಬೇಡಿ, ಬೀಡಿ ಸೇದಬೇಡಿ.

ತಕ್ಷಣ ಆಸ್ಪತ್ರೆಗೆ ಯಾವಾಗ?

ಜೊಲ್ಲು ಸುರಿಯುವುದು, ವಿಪರೀತ ಬೆವರು, ವಾಂತಿ, ಕಣ್ಣಿನ ಪಾಪೆ ಕಿರಿದಾಗುವುದು, ಸ್ನಾಯು ಅದುರುವುದು, ಉಸಿರಾಟದ ತೊಂದರೆ ಕಂಡರೆ ಕಾಯಬೇಡಿ.

• ರೋಗಿಯನ್ನು ತೋಟದಿಂದ ಆಚೆ, ಒಳ್ಳೆಯ ಗಾಳಿಗೆ ಕರೆತನ್ನಿ.
• ನೀವು ಕೈಗವಸು ಹಾಕಿಕೊಂಡು ಅವರ ಬಟ್ಟೆ ತೆಗೆದು, ಮೈಯನ್ನು ಸೋಪು, ನೀರಿನಿಂದ ತೊಳೆಯಿರಿ.
• ಬಲವಂತವಾಗಿ ವಾಂತಿ ಮಾಡಿಸಬೇಡಿ.
• 108ಕ್ಕೆ ಕರೆ ಮಾಡಿ. ಔಷಧಿಯ ಡಬ್ಬಿ ಅಥವಾ ಲೇಬಲ್ ಜೊತೆಗೆ ಒಯ್ಯಿರಿ.

ಯಾವ ವಿಷ ಎಂದು ತಿಳಿದರೆ ವೈದ್ಯರು ಸರಿಯಾದ ಚಿಕಿತ್ಸೆಯನ್ನು ಬೇಗ ಆರಂಭಿಸಬಹುದು. ಕ್ಲೋರ್‌ಪೈರಿಫಾಸ್‌ನಂತಹ ವಿಷಕ್ಕೆ ಅಟ್ರೋಪಿನ್ ಚುಚ್ಚುಮದ್ದು ಮುಖ್ಯ ಔಷಧ. ಅದನ್ನು ಆಸ್ಪತ್ರೆಯಲ್ಲಿಯೇ ಕೊಡಬೇಕು.